ಡಿಸ್ಕಿನ ಎಲ್ಲೆಗಳೂ ಬ್ಯಾಕಪ್ಪಿನ ಹೊಣೆಯೂ

[ದೃಶ್ಯ: ಕುದೇರಿನ ಹೊಲಗಳು, ಸರ್ವೆ ನಕ್ಷೆ]
ಕುದೇರು ಗ್ರಾಮದ ಹೊಲಗಳ ನಡುವಣ ಹದ್ದುಕಲ್ಲುಗಳು ಎಲ್ಲಿ ನಿಲ್ಲತಕ್ಕವೆಂಬುದನ್ನು ಸರ್ವೆ ನಕ್ಷೆಯು ತಿಳಿಸುವಂತೆ, ಗಣಕಯಂತ್ರದ ಡಿಸ್ಕಿನಲ್ಲಿ ಪ್ರತಿಯೊಂದು ವಿಭಾಗವೂ ಯಾವ ಸೆಕ್ಟರಿನಿಂದ, ಅಂದರೆ ಡಿಸ್ಕಿನ ಯಾವ ಕಿರುತುಂಡಿನಿಂದ, ಆರಂಭವಾಗಿ ಎಷ್ಟು ದೂರ ವ್ಯಾಪಿಸುವುದೆಂಬುದನ್ನು ಪಾರ್ಟಿಷನ್ ಟೇಬಲ್ ಎಂಬ ಪುಟ್ಟ ಪಟ್ಟಿಯು ನಿರ್ಣಯಿಸುತ್ತದೆ.

[ದೃಶ್ಯ: ಡಿಸ್ಕಿನ ರೇಖಾಚಿತ್ರ]
ಹಳೆಯ ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್) ಪದ್ಧತಿಯಲ್ಲಿ ಈ ಪಟ್ಟಿಯು ಪ್ರಥಮ ಸೆಕ್ಟರಿನ 512 ಬೈಟುಗಳಲ್ಲಿ ಕೇವಲ 64 ಬೈಟುಗಳನ್ನು ಆಕ್ರಮಿಸಿ, ನಾಲ್ಕೇ ಪ್ರಾಥಮಿಕ ವಿಭಾಗಗಳ ವಿವರವನ್ನು ಧರಿಸುವುದು. ಈಚಿನ ಜಿಪಿಟಿ (ಗೈಡ್ ಪಾರ್ಟಿಷನ್ ಟೇಬಲ್) ಪದ್ಧತಿಯಲ್ಲಾದರೋ ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವಿದ್ದು, ಪಟ್ಟಿಯ ಮತ್ತೊಂದು ಪ್ರತಿಯು ಡಿಸ್ಕಿನ ಅಂತ್ಯದಲ್ಲಿರುವುದು.

[ದೃಶ್ಯ: ಒಂದರ ಮೇಲೊಂದು ಬಿದ್ದ ಎರಡು ವಿಭಾಗಗಳು]
ಇಡೀ ಡಿಸ್ಕಿನ ಪ್ರತಿಯನ್ನು ತೆಗೆಯುವ ಬ್ಯಾಕಪ್ ತಂತ್ರಾಂಶವು ಕಡತಗಳೊಡನೆ ಈ ಪಟ್ಟಿಯನ್ನೂ ನಕಲು ಮಾಡುವುದರಿಂದ, ಎಲ್ಲೆಗಳು ಬದಲಾದ ತರುವಾಯ ಹಳೆಯ ಪಟ್ಟಿಯನ್ನಷ್ಟೇ ಮರಳಿ ಬರೆದರೆ, ಅಥವಾ ಒಂದೇ ವಿಭಾಗವನ್ನು ಪುನಃಸ್ಥಾಪಿಸುವಾಗ ಅದರ ಗಾತ್ರವು ತಪ್ಪಾಗಿ ದಾಖಲಾದರೆ, ಒಂದು ವಿಭಾಗದ ಅಂತ್ಯವು ಇನ್ನೊಂದರ ಆರಂಭವನ್ನು ದಾಟಿ, ಎರಡೂ ಅವೇ ಸೆಕ್ಟರುಗಳ ಮೇಲೆ ಹಕ್ಕು ಸಾಧಿಸಬಹುದು. ಆಗ ಒಂದರಲ್ಲಿ ಬರೆದುದು ಇನ್ನೊಂದರ ದತ್ತಾಂಶವನ್ನು ಸುಳಿವಿಲ್ಲದೆ ಅಳಿಸಿಬಿಡುವುದು.

[ದೃಶ್ಯ: ಎರಡನೆಯ ಡಿಸ್ಕಿಗೆ ಪ್ರತಿ]
ಆದುದರಿಂದ ಸಂಶಯ ಬಂದೊಡನೆ ಆ ಡಿಸ್ಕಿಗೆ ಏನನ್ನೂ ಬರೆಯದೆ, ಮೊದಲು ಅದರ ಸಂಪೂರ್ಣ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಪ್ರತಿಯ ಮೇಲೆಯೇ ಟೆಸ್ಟ್‌ಡಿಸ್ಕ್‌ನಂತಹ ಸಾಧನದಿಂದ ವಿಭಾಗಗಳ ನಿಜವಾದ ಆರಂಭಸ್ಥಾನಗಳನ್ನು ಶೋಧಿಸಬೇಕು. ಲಿನಕ್ಸ್ ಬಳಸುವವರು ಎಸ್‌ಎಫ್‌ಡಿಸ್ಕ್ ಆದೇಶದಿಂದ ಪಟ್ಟಿಯನ್ನು ಪಠ್ಯರೂಪದಲ್ಲಿ ಮುಂಚಿತವಾಗಿಯೇ ಉಳಿಸಿಕೊಂಡು, ವಿಭಾಗಗಳ ಗಾತ್ರವನ್ನು ಬದಲಿಸಿದಾಗಲೆಲ್ಲ ಹೊಸ ಬ್ಯಾಕಪ್ಪನ್ನೂ ಹೊಸ ಪಟ್ಟಿಯನ್ನೂ ಜೊತೆಯಾಗಿ ತೆಗೆದಿಡತಕ್ಕದ್ದು.