ಬಿಡುವೂ ಲೆಕ್ಕದಲ್ಲಿರಲಿ

1899ರಲ್ಲಿ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಗಳು ಬೀಡು ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ವ್ಯಾಗನ್ನಿಗೆ ತುಂಬುತ್ತಿದ್ದರು. ಒಂದೊಂದು ಗಟ್ಟಿ ಸುಮಾರು 42 ಕೆ.ಜಿ. ದಿನಕ್ಕೆ ಒಬ್ಬ ಆಳು ತುಂಬುತ್ತಿದ್ದದ್ದು ಹನ್ನೆರಡೂವರೆ ಟನ್. ಎಂಜಿನಿಯರ್ ಫ್ರೆಡರಿಕ್ ಟೇಲರ್ ಈ ಕೂಲಿಗಳ ಕೆಲಸವನ್ನು ಸ್ಟಾಪ್‌ವಾಚ್ ಹಿಡಿದು ಅಳೆಸಿದರು. ಆಯ್ದು ಪಳಗಿಸಿದ ಆಳು 47 ಟನ್ ತುಂಬಿದ, ಅವನ ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು ಎಂದು 1911ರ ತಮ್ಮ ಪುಸ್ತಕದಲ್ಲಿ ಬರೆದರು. ಈ ವರದಿಯನ್ನು ಪ್ರಶ್ನಿಸಿದ ಇತಿಹಾಸಕಾರರೂ ಇದ್ದಾರೆ.

ಜಗತ್ತು ನೆನಪಿಟ್ಟುಕೊಂಡದ್ದು ಸ್ಟಾಪ್‌ವಾಚನ್ನು. ಅದೇ ಪುಸ್ತಕದ ಇನ್ನೊಂದು ಲೆಕ್ಕ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಅಷ್ಟು ಭಾರ ಹೊರುವವನ ಕೈ ದಿನದ ಶೇ. 57ರಷ್ಟು ಹೊತ್ತು ಖಾಲಿ ಇರಬೇಕು. ಭಾರ ಹಿಡಿದಿರುವಷ್ಟು ಹೊತ್ತೂ ಸ್ನಾಯು ಬಿಗಿದಿರುತ್ತದೆ. ಕೈ ಸಡಿಲವಾದಾಗ ಮಾತ್ರ ರಕ್ತ ಸರಾಗವಾಗಿ ಹರಿದು ಅದು ಚೇತರಿಸಿಕೊಳ್ಳುತ್ತದೆ.

ಕೆಲಸವನ್ನು ಅಳೆದು ಜೋಡಿಸುವ ಈ ವಿಧಾನ ಸೇವಾ ಕ್ಷೇತ್ರಕ್ಕೆ ಹೊಂದುವುದೇ? ಕೆಲವು ಕಡೆ ಸೊಗಸಾಗಿ ಹೊಂದುತ್ತದೆ. 1976ರಲ್ಲಿ ಮಧುರೈನ ಅರವಿಂದ ಕಣ್ಣಾಸ್ಪತ್ರೆಯನ್ನು ಆರಂಭಿಸಿದ ಡಾ. ಜಿ. ವೆಂಕಟಸ್ವಾಮಿ ಅವರಿಗೆ ಮ್ಯಾಕ್‌ಡೊನಾಲ್ಡ್ಸ್‌ನ ಶಿಸ್ತು ಮಾದರಿಯಾಗಿತ್ತು. ಅಲ್ಲಿ ಶಸ್ತ್ರವೈದ್ಯರೊಬ್ಬರಿಗೆ ಎರಡು ಮೇಜು. ಒಂದರ ಮೇಲೆ ಕಣ್ಣಿನ ಪೊರೆ ತೆಗೆಯುತ್ತಿರುವಾಗಲೇ ಪಕ್ಕದ ಮೇಜಿನ ರೋಗಿಯನ್ನು ಸಹಾಯಕಿಯರು ಸಿದ್ಧಪಡಿಸಿರುತ್ತಾರೆ. ಮುಗಿದೊಡನೆ ಸೂಕ್ಷ್ಮದರ್ಶಕ ಅತ್ತ ತಿರುಗುತ್ತದೆ. ವೈದ್ಯರ ಕೈ ಕಾಯುತ್ತಾ ಕೂರುವುದಿಲ್ಲ. ಬಡವರಿಗೆ ಉಚಿತ ಚಿಕಿತ್ಸೆ ಸಾಧ್ಯವಾದದ್ದರಲ್ಲಿ ಈ ಉಳಿತಾಯದ ಪಾಲು ದೊಡ್ಡದು.

ಬೆಂಗಳೂರಿನ ಕಾಲ್ ಸೆಂಟರುಗಳಲ್ಲೂ ಸಮಯವನ್ನು ಅಳೆಯುತ್ತಾರೆ. ಅಲ್ಲಿ ಎಲ್ಲರ ಬಾಯಲ್ಲೂ ‘ಎ.ಎಚ್.ಟಿ.’, ಅಂದರೆ ಒಂದು ಕರೆ ಮುಗಿಸಲು ಹಿಡಿದ ಸರಾಸರಿ ಸಮಯ. ಆದರೆ ಗಟ್ಟಿಗಳ ತೂಕದಂತೆ ಕರೆಗಳ ತೂಕ ಒಂದೇ ಇರುವುದಿಲ್ಲ. ಕಾರ್ಡ್ ಕಳೆದುಕೊಂಡು ಗಾಬರಿಯಾದ ಅಜ್ಜಿಗೆ ಹೇಳಿದ್ದನ್ನೇ ಮೂರು ಸಲ ಹೇಳಬೇಕು. ಬೈಯುವವರಿಗೂ ದನಿ ತಗ್ಗಿಸಿಯೇ ಉತ್ತರಿಸಬೇಕು. ಗಗನಸಖಿಯರನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ಇದನ್ನು ಭಾವನಾತ್ಮಕ ದುಡಿಮೆ ಎಂದರು. ಸಿಟ್ಟು ನುಂಗಿ ನಗು ಉಳಿಸಿಕೊಳ್ಳುವುದೂ ಸಂಬಳಕ್ಕಾಗಿ ಮಾಡುವ ಕೆಲಸವೇ, ಅದಕ್ಕೂ ದಣಿವಿದೆ.

ಈ ಭಾರಕ್ಕೆ ಎಷ್ಟು ಬಿಡುವು ಬೇಕು? ಎರಡು ಕರೆಗಳ ನಡುವಿನ ಹೊತ್ತನ್ನೂ ವ್ಯರ್ಥವೆಂದು ಎಣಿಸುವವರು ಟೇಲರ್ ಅವರನ್ನು ಅರ್ಧ ಮಾತ್ರ ಓದಿದ್ದಾರೆ. ನೀವು ಟೀಮ್ ಲೀಡರ್ ಆಗಿದ್ದರೆ, ಬೈಗುಳದ ಕರೆ ಮುಗಿಸಿದವರಿಗೆ ಐದು ನಿಮಿಷ ಹೆಡ್‌ಸೆಟ್ ಕಳಚಿಡಲು ಬಿಡಿ. ಆ ಐದು ನಿಮಿಷವನ್ನೂ ಕೆಲಸದ ಸಮಯವೆಂದೇ ಬರೆದುಕೊಳ್ಳಿ.