ಅಂಗಳಕ್ಕೆ ಕಳೆ ತರುವ ದೊಡ್ಡ ಕುಂಡ

ಅಂಗಳದ ತುಂಬ ಇಪ್ಪತ್ತು ಪುಟ್ಟ ಕುಂಡ ಇಟ್ಟಿದ್ದೀರಿ. ಆದರೂ ಬಂದವರ ಕಣ್ಣು ಎಲ್ಲೂ ನಿಲ್ಲುವುದಿಲ್ಲ ಅಲ್ವಾ? ಹಳೇ ಮನೆಗಳ ತುಳಸಿಕಟ್ಟೆ ನೆನಪಿಸಿಕೊಳ್ಳಿ. ಅಂಗಳದಲ್ಲಿ ಅದೊಂದೇ ಇದ್ದರೂ ನೋಟವೆಲ್ಲ ಅಲ್ಲಿಗೇ. ದೊಡ್ಡದೊಂದು ಅಲಂಕಾರಿಕ ಕುಂಡ ಮಾಡುವ ಕೆಲಸವೂ ಇದೇ.

* ಜಾಗ: ಗೇಟು ತೆರೆದಾಗ ಇಲ್ಲವೇ ಹಾಲ್‌ ಕಿಟಕಿಯಿಂದ ನೋಡಿದಾಗ ದೃಷ್ಟಿ ಮೊದಲು ಬೀಳುವ ಕಡೆ ಇಡಿ. ಹಿಂದೆ ಖಾಲಿ ಗೋಡೆ ಅಥವಾ ಹಸಿರು ಬೇಲಿ ಇದ್ದರೆ ಚೆಂದ. ಸುತ್ತ ಬೇರೆ ಕುಂಡಗಳನ್ನು ಗುಂಪು ಹಾಕಬೇಡಿ.

* ಗಿಡ: ಬಿಸಿಲಿದ್ದರೆ ಬೋಗನ್‌ವಿಲ್ಲಾ, ದಾಸವಾಳ, ನೆರಳಿದ್ದರೆ ಅರೆಕಾ ಪಾಮ್. ಕುಂಡದ ಮೇಲೆ ಚಿತ್ತಾರ ಹೆಚ್ಚಿದ್ದರೆ ಗಿಡ ಸರಳವಾಗಿರಲಿ.

* ಭಾರ: ಎರಡಡಿ ಅಗಲ, ಎರಡಡಿ ಎತ್ತರದ ಕುಂಡಕ್ಕೆ ಮಣ್ಣು ತುಂಬಿ ನೀರು ಹಾಕಿದರೆ 200 ಕೆ.ಜಿ. ದಾಟಬಹುದು. ಹಾಗಾಗಿ ಮೊದಲು ಜಾಗದಲ್ಲಿಟ್ಟು ಆಮೇಲೆ ಮಣ್ಣು ತುಂಬಿ. ಬಾಲ್ಕನಿ, ತಾರಸಿಯಾದರೆ ಎಂಜಿನಿಯರ್ ಹತ್ತಿರ ಕೇಳದೆ ಇಡಲೇಬೇಡಿ. ಫೈಬರ್ ಕುಂಡ, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು ಭಾರ ತಗ್ಗಿಸುತ್ತವೆ.

* ನೀರು: ತಳದಲ್ಲಿ ತೂತು ಇರಲೇಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅದೇ ತವರುಮನೆ. ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ.

ದುಬಾರಿ ಕುಂಡವೇ ಬೇಕಂತಿಲ್ಲ. ಅಜ್ಜಿ ಮನೆಯ ಹಳೇ ಮಣ್ಣಿನ ಗುಡಾಣಕ್ಕೆ ತೂತು ಕೊರೆಸಿದರೂ ಸಾಕು. ಅಂಗಳವೂ ಲಕ್ಷಣ, ಗುಡಿಸುವ ಕೆಲಸವೂ ಹಗುರ!