ಹೊಸ ಪ್ರಧಾನಿಗೆ ಎಷ್ಟು ದಿನ ಕೊಡಬೇಕು?

(ದೃಶ್ಯ: ಹುಬ್ಬಳ್ಳಿ, ಚೆನ್ನಮ್ಮ ಸರ್ಕಲ್)

ಪ್ರಮಾಣವಚನ ಮುಗಿಯೂದ್ರೊಳಗ ‘ಇವರ ಕೈಲೆ ಆಗೂದಿಲ್ಲ’ ಅಂತ ತೀರ್ಪು ಕೊಡೂದು ಸರಿ ಏನ್ರಿ?

1996, ಜೂನ್ 1. ಎಚ್.ಡಿ. ದೇವೇಗೌಡರು ಪ್ರಧಾನಿ ಆದ್ರು. ಟೀಕೆ ಏನು? ಹಿಂದಿ ಬರೂದಿಲ್ಲ, ದಿಲ್ಲಿ ಗೊತ್ತಿಲ್ಲ. ಆಗಸ್ಟ್ 15ಕ್ಕ ಕೆಂಪುಕೋಟೆಯಿಂದ ಹಿಂದಿಯೊಳಗ ಮಾತಾಡಿದ್ರು; ಹಾಳಿ ಮ್ಯಾಲೆ ಇದ್ದದ್ದು ಕನ್ನಡ ಲಿಪಿ! ಸೆಪ್ಟೆಂಬರ್‌ದಾಗ ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಗೆ ಬಂತು. ಡಿಸೆಂಬರ್‌ದಾಗ ಬಾಂಗ್ಲಾದೇಶದ ಜೋಡಿ 30 ವರ್ಷದ ಗಂಗಾ ನೀರಿನ ಒಪ್ಪಂದ ಆತು.

(ದೃಶ್ಯ: ಬೊಮ್ಮಾಯಿ ಅವರ ಹಳೆ ಫೋಟೊ)

ಆ ಸಂಪುಟದೊಳಗ ಮಾನವ ಸಂಪನ್ಮೂಲ ಸಚಿವರು ನಮ್ಮ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ. ಅವಕಾಶ ಕಸಗೊಂಡ್ರ ಏನಾಗ್ತದ ಅಂತ ಅವರಿಗೆ ಚಲೋ ಗೊತ್ತಿತ್ತು. ಮುಖ್ಯಮಂತ್ರಿ ಆಗಿ ವರ್ಷ ತುಂಬಿರಲಿಲ್ಲ. ಸದನದೊಳಗ ಬಹುಮತ ತೋರಸಾಕ ತಯಾರಿದ್ರೂ 1989ರ ಏಪ್ರಿಲ್ 21ಕ್ಕ ಸರ್ಕಾರ ವಜಾ ಆತು. ಬೊಮ್ಮಾಯಿ ಕೋರ್ಟಿಗೆ ಹೋದ್ರು. 1994, ಮಾರ್ಚ್ 11: ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠದ ತೀರ್ಪು. ಬಹುಮತ ಅಳೆಯೂದು ಸದನದೊಳಗ, ರಾಜಭವನದೊಳಗಲ್ಲ.

ದೇವೇಗೌಡರ ಸರ್ಕಾರನೂ ಉಳೀಲಿಲ್ಲ. ಕಾಂಗ್ರೆಸ್ ಬೆಂಬಲ ವಾಪಸ್ ತಗೊಂತು. 1997ರ ಏಪ್ರಿಲ್ 11ಕ್ಕ ಲೋಕಸಭೆಯೊಳಗ ಸೋತ್ರು. ಆದ್ರ ಉತ್ತರ ಕೊಡಾಕ ಸದನ ಸಿಕ್ತು.

ಹಂಗಂತ ಟೀಕೆ ಬಿಡಬ್ಯಾಡ್ರಿ. ಭಾಷೆ, ಊರು, ಜಾತಿ ಹಿಡದು ಆಡೂದು ಪಕ್ಷದ ಮಾತು. ಮಸೂದೆ, ಬಜೆಟ್, ಒಪ್ಪಂದ ಹಿಡದು ಕೇಳೂದು ಪ್ರಜೆಯ ಪ್ರಶ್ನೆ.

ನೀವು ವೋಟು ಹಾಕದ ಪಕ್ಷದವರು ಪ್ರಧಾನಿ ಆದ್ರ, ಮೊದಲ ಬಜೆಟ್ ತನಕರ ಕಾಯ್ತೀರೇನು? ಕಾಮೆಂಟಿನೊಳಗ ಹೇಳ್ರಿ.